ಮನೆ ತುಂಬಾ ಹಾಡು ಕೂಡಿಸಿಟ್ಟವರೇ, ಏನೇನು ಇಟ್ಟುಕೊಂಡಿದ್ದೀರಿ, ಯಾಕೆ?

ಕೋಟೆ ಕೆಳಗೆ, ಬಳ್ಳಾರಿ

ಇಲ್ಲಿ ಕ್ಯಾಸೆಟ್, ರೆಕಾರ್ಡು, ಸಿಡಿ, ಹಾರ್ಡ್‌ಡಿಸ್ಕ್ ಅಂತ ಹಾಡು ಕೂಡಿಸುವವರು ಬಹಳ ಜನ ಇದ್ದೀರಿ. ನಮ್ಮ ಮನೆಯಲ್ಲೂ ಎರಡು ಬೀರು ತುಂಬಿವೆ. ಮೂರನೆಯದಕ್ಕೆ ಜಾಗ ಹುಡುಕುತ್ತಿದ್ದೇವೆ. ಅದಕ್ಕೇ ಕೇಳುತ್ತಿದ್ದೇನೆ. ಫೋನಿನಲ್ಲಿ ಬೇಕೆಂದಾಗ ಹಾಡು ಸಿಗುವ ಈ ಕಾಲದಲ್ಲಿ ಮನೆಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಹತ್ತಿರ ಇರುವುದನ್ನು ನಾವೂ ಇಟ್ಟುಕೊಳ್ಳುವುದು ಸಂತೋಷಕ್ಕೆ, ಅದು ಬೇಕು ಕೂಡ. ಆದರೆ ನಮ್ಮ ಊರು, ನಮ್ಮ ಕಡೆ ಜನ ಏನು ಕೇಳಿದರು, ಏನು ಹಾಡಿದರು ಅನ್ನುವುದು ಅದರಲ್ಲಿ ಇರಲೇಬೇಕು. ಅದನ್ನು ನಾವು ಇಡದಿದ್ದರೆ ಬೇರೆ ಊರಿನವರು ಬಂದು ಇಡುವುದಿಲ್ಲ.

ನಮ್ಮ ಮೂರು ಜಿಲ್ಲೆಗಳ ಕಿವಿಯೂ ಒಂದೇ ಅಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು, ಅದಕ್ಕೂ ಮುಂಚೆ ಮದ್ರಾಸಿನವರ ಕೈಯಲ್ಲಿತ್ತು. ರಾಯಚೂರು, ಕೊಪ್ಪಳ ಹೈದರಾಬಾದಿನ ಕಡೆ ಇದ್ದವು, 1956ರ ನವೆಂಬರ್ 1ಕ್ಕೆ ಈ ಕಡೆ ಬಂದವು. ನಮ್ಮ ತಂದೆಯ ಕಾಲದ ಪೆಟ್ಟಿಗೆ ತೆರೆದರೆ ಅದು ಹಾಗೇ ಕಾಣುತ್ತದೆ. ಘಂಟಸಾಲ ಅವರ ತೆಲುಗು ಹಾಡು, ಕರ್ನಾಟಕ ಸಂಗೀತದ ಕಛೇರಿ, ಬಳ್ಳಾರಿ ಸಹೋದರರು, ಕಂಪನಿ ನಾಟಕದ ರಂಗಗೀತೆ. ಕೊಪ್ಪಳದಲ್ಲಿ ನಮ್ಮ ಸಂಬಂಧಿಕರ ಮನೆಯ ಪೆಟ್ಟಿಗೆಯಲ್ಲಿ ಭೀಮಸೇನ ಜೋಶಿ, ಪುಟ್ಟರಾಜ ಗವಾಯಿಗಳು, ಕವ್ವಾಲಿ, ತತ್ವಪದ. ನಡುವೆ ಇರುವುದು ಒಂದು ತುಂಗಭದ್ರಾ ನದಿ, ಅಷ್ಟೇ.

ನೀವು ಯಾವ ಪೆಟ್ಟಿಗೆಯ ಮನೆಯವರು, ಬರೆಯಿರಿ.


ಕುಷ್ಟಗಿ ಹುಡುಗ

ಅಣ್ಣ, ಗೌರವದಿಂದಲೇ ಕೇಳುತ್ತಿದ್ದೇನೆ. ಘಂಟಸಾಲ, ಭೀಮಸೇನ ಜೋಶಿ ಎಲ್ಲ ಯೂಟ್ಯೂಬ್‌ನಲ್ಲಿ ಇದ್ದಾರಲ್ವಾ? ತಿಂಗಳಿಗೆ ಸ್ವಲ್ಪ ದುಡ್ಡು ಕೊಟ್ಟರೆ ಜಾಹೀರಾತೂ ಬರುವುದಿಲ್ಲ. ಬೀರು ತುಂಬಾ ಕ್ಯಾಸೆಟ್ ಇಟ್ಟು, ಧೂಳು ಒರೆಸಿ, ಬೆಲ್ಟ್ ಹೋಯಿತು ಅಂತ ಮೆಕ್ಯಾನಿಕ್ ಹುಡುಕಿಕೊಂಡು ಓಡಾಡುವುದು ಯಾಕೆ?

ನಾನು ಕೇಳುವುದು ಬೇರೆಯೇ. ಜಿಮ್‌ನಲ್ಲಿ ಇಂಗ್ಲಿಷ್ ರ‍್ಯಾಪ್, ಬಸ್ಸಿನಲ್ಲಿ ಹಿಂದಿ, ಊರಿಗೆ ಬಂದಾಗ ನಮ್ಮ ಜಾನಪದ ಡಿಜೆ ಹಾಡುಗಳು. ನನಗೆ ಇದರಲ್ಲಿ ನಾಚಿಕೆ ಏನೂ ಇಲ್ಲ. ಶಾಸ್ತ್ರೀಯ ಕೇಳುವವರ ನಡುವೆ ಇದನ್ನು ಹೇಳಿದರೆ ಮುಖ ಒಂಥರಾ ಮಾಡುತ್ತಾರೆ, ಅದಕ್ಕೆ ಮೊದಲೇ ಹೇಳಿದೆ.


ಮಾನ್ವಿ ಮೇಷ್ಟ್ರು

ತಮ್ಮಾ, ಮುಖ ಯಾರೂ ಮಾಡುವುದಿಲ್ಲ. ನಿನ್ನ ಪ್ರಶ್ನೆ ಒಳ್ಳೆಯದು.

ಫೋನಿನಲ್ಲಿ ಎಲ್ಲ ಇದೆ ಅನ್ನುವುದು ಅರ್ಧ ನಿಜ. ದೊಡ್ಡ ಹೆಸರುಗಳು ಇವೆ. ಆದರೆ ಯಾವ ವರ್ಷದ್ದು, ಎಲ್ಲಿ ಹಾಡಿದ್ದು, ತಬಲಾಕ್ಕೆ ಯಾರು ಕೂತಿದ್ದರು, ಅದು ಅಲ್ಲಿ ಸಿಗುವುದು ಕಡಿಮೆ. ಇವತ್ತು ಇದ್ದದ್ದು ನಾಳೆ ಇರುತ್ತದೆ ಅನ್ನುವ ಹಾಗೂ ಇಲ್ಲ. ಕಂಪನಿಗಳ ನಡುವಿನ ಒಪ್ಪಂದ ಮುಗಿದರೆ ಇಡೀ ಆಲ್ಬಂ ಒಂದು ರಾತ್ರಿಯಲ್ಲಿ ಮಾಯ. ಯಾರೋ ಒಬ್ಬರು ಪ್ರೀತಿಯಿಂದ ಹಾಕಿದ ಚಾನೆಲ್ ಮುಚ್ಚಿದರೆ ಅದರೊಳಗಿನ ನೂರಾರು ಹಾಡು ಅದರ ಜೊತೆಗೇ ಹೋಗುತ್ತವೆ.

ನನ್ನ ಸಂಗ್ರಹ ಬೆಳೆದದ್ದು ಒಂದೇ ಕಾರಣಕ್ಕೆ. ನಾವು ದಾಸರ ನೆಲದವರು. ವಿಜಯದಾಸರು ಚೀಕಲಪರ್ವಿಯವರು, ಜಗನ್ನಾಥದಾಸರು ನಮ್ಮ ಮಾನ್ವಿಯವರು, ಪ್ರಾಣೇಶದಾಸರು ಲಿಂಗಸುಗೂರಿನವರು. ಒಂದೇ ದಾಸರ ಪದವನ್ನು ಭೀಮಸೇನ ಜೋಶಿಯವರು ಹಿಂದೂಸ್ತಾನಿ ರಾಗದಲ್ಲಿ ಹಾಡಿದ್ದು ಇದೆ, ಎಂ.ಎಲ್. ವಸಂತಕುಮಾರಿಯವರು ಕರ್ನಾಟಕ ಸಂಗೀತದಲ್ಲಿ ಹಾಡಿದ್ದು ಇದೆ. ಶನಿವಾರ ಮಠದಲ್ಲಿ ಭಜನೆಯವರು ತಾಳ ತಟ್ಟಿಕೊಂಡು ಹಾಡುವುದು ಇನ್ನೊಂದು. ಮೂರನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಭೀಮಸೇನರಲ್ಲಿ ಒಂದು ಅಕ್ಷರ ಎಳೆದು ಎಳೆದು ಕೊನೆಗೆ ನಮ್ಮನ್ನೇ ಕರೆದ ಹಾಗೆ ಆಗುತ್ತದೆ. ವಸಂತಕುಮಾರಿಯವರಲ್ಲಿ ಮಾತು ಚೆಲ್ಲದೆ ತಾಳದ ಮೇಲೆ ಕೂರುತ್ತದೆ. ಭಜನೆಯಲ್ಲಿ ಎಲ್ಲರೂ ಸೇರಿ ಹಾಡುವುದರಿಂದ ರಾಗಕ್ಕಿಂತ ಉಸಿರು ಮುಖ್ಯ. ನನಗೆ ಮೂರೂ ಬೇಕು. ಮೊದಲ ಎರಡು ಅಂಗಡಿಯಲ್ಲಿ ಸಿಕ್ಕವು. ಮೂರನೆಯದು ನಾನೇ ಹೋಗಿ ಕೂತು ರೆಕಾರ್ಡ್ ಮಾಡಿಕೊಂಡದ್ದು.

ಇನ್ನೊಬ್ಬರ ಹೆಸರು ಹೇಳಲೇಬೇಕು. ಸಿದ್ಧರಾಮ ಜಂಬಲದಿನ್ನಿ. ರಾಯಚೂರಿನಲ್ಲಿ ರಂಗಮಂದಿರಕ್ಕೆ ಅವರ ಹೆಸರಿದೆ, ಕಾರ್ಯಕ್ರಮಕ್ಕೆ ಹೋದ ಎಲ್ಲರಿಗೂ ಗೊತ್ತು. ಆದರೆ ಆ ಸಭಿಕರಲ್ಲಿ ಎಷ್ಟು ಜನ ಅವರ ಧ್ವನಿ ಕೇಳಿದ್ದಾರೆ? ವಚನವನ್ನು ಅವರು ಹಾಡುವಾಗ ಒಂದು ಮಾತೂ ಕಿವಿ ತಪ್ಪುವುದಿಲ್ಲ. ನಮ್ಮ ಜಿಲ್ಲೆಯ ಹಿರಿಯ ಗಾಯಕ ಅವರು. ಅವರ ಹಾಡು ನಮ್ಮ ಜಿಲ್ಲೆಯ ಮನೆಗಳಲ್ಲಿ ಇಲ್ಲದೆ ಹೋದರೆ ಅದು ನನಗೆ ನೋವಿನ ವಿಷಯ.


ಗಂಗಾವತಿ ಅಕ್ಕ

ಮೇಷ್ಟ್ರೇ, ನೀವು ಹೇಳಿದ್ದು ನೂರಕ್ಕೆ ನೂರು. ನನ್ನ ಹತ್ತಿರ ದೊಡ್ಡ ಸಂಗ್ರಹ ಇಲ್ಲ. ಆದರೆ ನಮ್ಮ ಅತ್ತೆ, ಅವರ ಅಕ್ಕತಂಗಿಯರು ಮದುವೆಗಳಲ್ಲಿ ಹಾಡಿದ ಸೋಬಾನೆ ಪದ, ಬೀಸುವ ಪದ ಕ್ಯಾಸೆಟ್‌ಗಳಲ್ಲಿ ಇವೆ. ಆಗ ನಮ್ಮ ಮಾವ ಗಲ್ಫ್‌ನಿಂದ ತಂದ ಟೂ ಇನ್ ಒನ್ ಇತ್ತು, ಅದರಲ್ಲೇ ರೆಕಾರ್ಡ್ ಮಾಡಿದ್ದು. ಹಾಡುವವರಲ್ಲಿ ಈಗ ಒಬ್ಬರು ಮಾತ್ರ ಇದ್ದಾರೆ. ಕ್ಯಾಸೆಟ್ ಮೇಲೆ ಹೆಸರಿಲ್ಲ, ದಿನಾಂಕ ಇಲ್ಲ. ಒಂದರ ಒಳಗೆ ಬಿಳಿ ಬಿಳಿ ಬೂಷ್ಟು ಕಾಣುತ್ತಿದೆ. ಹಾಕಿ ಕೇಳಲು ಭಯ.

ಇದನ್ನು ಹೇಗೆ ಉಳಿಸಿಕೊಳ್ಳುವುದು? ಊರಿನ ಒಂದು ಅಂಗಡಿಯಲ್ಲಿ ಕೇಳಿದೆ, ಕೊಡಿ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇವೆ ಅಂದರು. ನನಗೆ ಧೈರ್ಯ ಬರಲಿಲ್ಲ.


ಸಿಂಧನೂರು ಡೆಕ್

ಅಕ್ಕಾ, ಕೊಡದೇ ಇದ್ದದ್ದು ಒಳ್ಳೆಯದಾಯಿತು. ದಯವಿಟ್ಟು ಬೂಷ್ಟು ಬಂದ ಕ್ಯಾಸೆಟ್ ಯಾವ ಮಷೀನಿಗೂ ಹಾಕಬೇಡಿ. ಆ ಬೂಷ್ಟು ಟೇಪು ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಅದನ್ನು ಬೇರೆ ಕವರ್‌ನಲ್ಲಿ ಹಾಕಿ, ಉಳಿದವುಗಳಿಂದ ದೂರ ಇಡಿ. ಅದು ಕೊನೆಗೆ ಮಾಡುವ ಕೆಲಸ.

ಉಳಿದದ್ದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಕ್ಯಾಸೆಟ್‌ನ ಎರಡೂ ಚಿಕ್ಕ ಕಿವಿಗಳನ್ನು ಮುರಿದು ಹಾಕಿ. ಮೇಲಿನ ಅಂಚಿನಲ್ಲಿ ಇರುತ್ತವಲ್ಲ, ಅವು. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಯುವುದಿಲ್ಲ. ಆಮೇಲೆ ಒಳಗೆ ಟೇಪಿನ ಹಿಂದೆ ಒಂದು ಚಿಕ್ಕ ಉಣ್ಣೆಯ ಪ್ಯಾಡ್ ಇದೆಯಾ ನೋಡಿ. ಹಳೆಯ ಕ್ಯಾಸೆಟ್‌ಗಳಲ್ಲಿ ಗೋಂದು ಒಣಗಿ ಅದು ಬಿದ್ದು ಹೋಗಿರುತ್ತದೆ. ಅದು ಇಲ್ಲದಿದ್ದರೆ ಟೇಪು ಹೆಡ್‌ಗೆ ಸರಿಯಾಗಿ ಒತ್ತುವುದಿಲ್ಲ, ಧ್ವನಿ ಎಲ್ಲೋ ಬಾವಿಯಿಂದ ಬಂದ ಹಾಗೆ ಕೇಳುತ್ತದೆ. ಜನ ಟೇಪೇ ಹಾಳಾಯಿತು ಅಂತ ಎಸೆಯುತ್ತಾರೆ. ಟೇಪು ಚೆನ್ನಾಗಿಯೇ ಇರುತ್ತದೆ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ, ಸುರುಳಿ ಎರಡನ್ನೂ ಅದರೊಳಗೆ ಕೂರಿಸಿದರೆ ಮತ್ತೆ ಹಾಡುತ್ತದೆ.

ಪ್ಲೇ ಮಾಡುವ ಮುಂಚೆ ಕೊನೆಯವರೆಗೆ ಒಮ್ಮೆ ಮುಂದೆ ಓಡಿಸಿ, ಒಮ್ಮೆ ಹಿಂದೆ ಓಡಿಸಿ. ವರ್ಷಗಟ್ಟಲೆ ಸುಮ್ನೆ ಕೂತ ಟೇಪು ಪದರಕ್ಕೆ ಪದರ ಅಂಟಿಕೊಂಡಿರುತ್ತದೆ, ಅದು ಬಿಡುತ್ತದೆ. ಡೆಕ್ ಅಂದರೆ ಕ್ಯಾಸೆಟ್ ಹಾಕುವ ಮಷೀನು, ಅದರ ಹೆಡ್, ರಬ್ಬರ್ ರೋಲರ್ ಒರೆಸಬೇಕು. ಹೆಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಸುತ್ತಿದ ಕಿವಿ ಕಡ್ಡಿ. ಸೆಂಟು, ಸ್ಯಾನಿಟೈಸರ್ ಬೇಡ.

ಈಗ ಮುಖ್ಯ ವಿಷಯ. ಹೆಡ್ ಪಕ್ಕದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದು ಹೆಡ್ ಎಷ್ಟು ನೇರ ನಿಂತಿದೆ ಅನ್ನುವುದನ್ನು ಹಿಡಿದಿಡುತ್ತದೆ. ಮಾವನವರ ಟೂ ಇನ್ ಒನ್‌ನಲ್ಲಿ ಹೆಡ್ ಒಂಚೂರು ಓರೆ ಇದ್ದರೆ, ಟೇಪಿನ ಮೇಲೆ ಹಾಡೂ ಅಷ್ಟೇ ಓರೆಯಾಗಿ ಬರೆದಿರುತ್ತದೆ. ನನ್ನ ಡೆಕ್‌ನಲ್ಲಿ ನೇರವಾಗಿ ಓದಿದರೆ ಸ, ಶ, ಬಳೆಯ ಸದ್ದು, ಗೆಜ್ಜೆ, ಎಲ್ಲ ಮಂಕಾಗುತ್ತದೆ. ಅದಕ್ಕೆ ಪ್ರತಿ ಕ್ಯಾಸೆಟ್‌ಗೂ ಆ ಸ್ಕ್ರೂ ಸ್ವಲ್ಪ ತಿರುಗಿಸಿ, ಧ್ವನಿ ಎಲ್ಲಿ ಚುರುಕಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಅಂಗಡಿಯವರು ಇದನ್ನು ಮಾಡುವುದಿಲ್ಲ, ಅವರಿಗೆ ಅಷ್ಟು ಸಮಯ ಇರುವುದಿಲ್ಲ. ಮನೆಯವರಿಗೆ ಮಾತ್ರ ಆ ತಾಳ್ಮೆ ಇರುತ್ತದೆ.

ಡೆಕ್‌ನ ಲೈನ್ ಔಟ್‌ನಿಂದ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್, ಅದರಿಂದ ಕಂಪ್ಯೂಟರ್. ಆಡಾಸಿಟಿ ಅನ್ನುವ ಪ್ರೋಗ್ರಾಂ ಪುಕ್ಕಟೆ. ಮೀಟರ್ ಕೆಂಪಿಗೆ ಹೋಗಬಾರದು, ಜೋರು ಬಂದಾಗಲೂ ಮೈನಸ್ 6 ಡೆಸಿಬಲ್ ಆಸುಪಾಸು ಇರಲಿ. ಬೇಗ ಮುಗಿಸುವ ದಾರಿ ಇಲ್ಲ. 90 ನಿಮಿಷದ ಕ್ಯಾಸೆಟ್‌ಗೆ 90 ನಿಮಿಷ ಕೂರಲೇಬೇಕು. ಶುರುವಿನ ಫೈಲ್‌ಗೆ ಏನೂ ಮಾಡದೆ ಹಾಗೇ ಇಡಿ. ಬೇಕಾದರೆ ಅದರ ಇನ್ನೊಂದು ಪ್ರತಿಯಲ್ಲಿ ಗೊರಗೊರ ಶಬ್ದ ತೆಗೆಯಿರಿ. ಜಾಸ್ತಿ ತೆಗೆದರೆ ಮನುಷ್ಯರ ಧ್ವನಿ ನೀರಿನೊಳಗಿಂದ ಬಂದ ಹಾಗೆ ಆಗುತ್ತದೆ, ಅದು ನನಗೆ ಗೊರಗೊರಕ್ಕಿಂತ ಜಾಸ್ತಿ ಬೇಸರ.

ಹಾಡಿನ ನಡುವೆ ಮಗು ಅಳುವುದು, ಯಾರೋ ಅಡಿಗೆಮನೆಯಿಂದ ಕೂಗುವುದು ಬರುತ್ತದೆ ಅಲ್ವಾ, ಅದನ್ನು ಕತ್ತರಿಸಬೇಡಿ ಅಕ್ಕಾ.


ಗಂಗಾವತಿ ಅಕ್ಕ

ಕತ್ತರಿಸುವ ಮನಸ್ಸು ನನಗೂ ಇಲ್ಲ. ಅದರಲ್ಲಿ ನಮ್ಮ ಮಾವನ ಕೆಮ್ಮು ಕೂಡ ಇದೆ.

ನನ್ನ ಹತ್ತಿರ ಡೆಕ್ ಇಲ್ಲ. ಸಿಂಧನೂರಿಗೆ ನಾನೇ ತಂದುಕೊಟ್ಟು ಪಕ್ಕದಲ್ಲೇ ಕೂತಿದ್ದರೆ ಮಾಡಿಕೊಡುತ್ತೀರಾ?


ಸಿಂಧನೂರು ಡೆಕ್

ಖಂಡಿತ. ಭಾನುವಾರ ಬನ್ನಿ. ಆ ಹಾಡುವ ಅಮ್ಮನವರು ಬರಲು ಆಗುವುದಾದರೆ ಅವರನ್ನೂ ಕರೆದುಕೊಂಡು ಬನ್ನಿ, ಆಗದಿದ್ದರೆ ನಾನೇ ಡೆಕ್ ಹೊತ್ತುಕೊಂಡು ಗಂಗಾವತಿಗೆ ಬರುತ್ತೇನೆ. ಯಾವ ಧ್ವನಿ ಯಾರದು ಅಂತ ಹೇಳುವವರು ಅವರೊಬ್ಬರೇ ಅಲ್ವಾ.


ಕೋಟೆ ಕೆಳಗೆ, ಬಳ್ಳಾರಿ

ಇದೇ ಮಾತಿಗೆ ನಾನು ಕಾಯುತ್ತಿದ್ದೆ. ನೋಡು ತಮ್ಮಾ ಕುಷ್ಟಗಿ, ಇದು ಯಾವ ಆ್ಯಪ್‌ನಲ್ಲಿ ಇದೆ?

ರೆಕಾರ್ಡ್ ಇಟ್ಟುಕೊಂಡವರಿಗೆ ನಮ್ಮ ಬಿಸಿಲಿನ ಬಗ್ಗೆ ಎರಡು ಮಾತು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಪಡುವಣ ಗೋಡೆಗೆ ಆನಿಸಿದ ಕಬ್ಬಿಣದ ಬೀರು ಮಧ್ಯಾಹ್ನ ಒಲೆಯ ಹಾಗೆ ಕಾದಿರುತ್ತದೆ. ಎಲ್‌ಪಿಗಳನ್ನು ಅದರಲ್ಲಿ ಒಂದರ ಮೇಲೊಂದು ಮಲಗಿಸಿಟ್ಟರೆ ಬಗ್ಗುತ್ತವೆ, ಬಗ್ಗಿದ್ದು ಸರಿಹೋಗುವುದು ಕಷ್ಟ. ಒಳಗೋಡೆ, ಮರದ ಕಪಾಟು, ಪುಸ್ತಕದ ಹಾಗೆ ನೇರ ನಿಲ್ಲಿಸುವುದು, ಇಷ್ಟೇ ಉಪಾಯ. ಸಂಡೂರು, ತೋರಣಗಲ್ಲು ಕಡೆಯವರಿಗೆ ಅದಿರಿನ ಕೆಂಪು ಧೂಳಿನ ಕಾಟ ಬೇರೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳಿನ ಕಣವೇ ಗೆರೆ ಎಳೆಯುತ್ತದೆ. ಮೆತ್ತನೆಯ ಬ್ರಷ್ ಬೇಕು.

ಹಳೆಯ 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ರೆಕಾರ್ಡ್‌ಗಳಿಗೆ ಆಲ್ಕೋಹಾಲ್ ಮುಟ್ಟಿಸಬೇಡಿ. ಅವು ಅರಗಿನವು, ಆಲ್ಕೋಹಾಲ್‌ಗೆ ಕರಗುತ್ತವೆ. ಎಲ್‌ಪಿಯ ಸೂಜಿಯನ್ನೂ ಅವಕ್ಕೆ ಹಾಕಬಾರದು, 78ರ ಗೀರು ಅಗಲ, ಅದಕ್ಕೆ ದಪ್ಪ ಸೂಜಿಯೇ ಬೇರೆ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಾಡು. ಅಷ್ಟರಲ್ಲಿ ಒಂದು ರಾಗ ಹಾಡಿ ಮುಗಿಸಬೇಕಿತ್ತು ಆ ಕಾಲದವರು. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಕೊಟ್ಟ ಮೂರು ನಿಮಿಷದ ರೆಕಾರ್ಡು ಕೇಳಿ, ಆಮೇಲೆ ಅವರ ವಯಸ್ಸಾದ ಮೇಲಿನ ಮುಕ್ಕಾಲು ಗಂಟೆಯ ಹಾಡು ಕೇಳಿ. ಹಾಡುವ ಮನುಷ್ಯ ಹೇಗೆ ಬೆಳೆದ ಅನ್ನುವುದು ಯಾರೂ ವಿವರಿಸದೆ ತಿಳಿಯುತ್ತದೆ.

ಗಂಗೂಬಾಯಿ ಹಾನಗಲ್ಲರದು ಇನ್ನೂ ಆಶ್ಚರ್ಯ. ಗಂಟಲಿನ ಆಪರೇಷನ್‌ಗೆ ಮುಂಚಿನ ರೆಕಾರ್ಡ್‌ಗಳಲ್ಲಿ ಅವರದು ತೆಳ್ಳಗಿನ, ಎತ್ತರದ ಹೆಣ್ಣುದನಿ. ನಾವು ರೇಡಿಯೊದಲ್ಲಿ ಕೇಳಿ ಬೆಳೆದ ಆ ಗಟ್ಟಿ ದನಿ ಆಮೇಲಿನದು. ಎರಡನ್ನೂ ಪಕ್ಕ ಪಕ್ಕ ಇಟ್ಟು ಕೇಳಿಸಿದರೆ ಹೊಸಬರು ಒಬ್ಬರೇ ಅಂತ ನಂಬುವುದೇ ಇಲ್ಲ. ರುಚಿ ಅನ್ನುವುದು ಹೀಗೆ ಪಕ್ಕ ಪಕ್ಕ ಇಟ್ಟು ಕೇಳುವುದರಿಂದ ಬರುತ್ತದೆ ಅಂತ ನನ್ನ ನಂಬಿಕೆ. ಒಂದಾದ ಮೇಲೊಂದು ತಾನೇ ಹಾಡಿಕೊಂಡು ಹೋಗುವ ಪಟ್ಟಿಯಲ್ಲಿ ಅದು ಆಗುವುದಿಲ್ಲ.


ಕುಷ್ಟಗಿ ಹುಡುಗ

ಸರಿ ಅಣ್ಣ, ಸೋಬಾನೆ ಪದ ಯಾವ ಆ್ಯಪ್‌ನಲ್ಲೂ ಇಲ್ಲ, ಒಪ್ಪಿದೆ. ನಾನು ಕಂಪ್ಯೂಟರ್ ಕೆಲಸದವನು, ಹಾಗಾಗಿ ಈ ಕಡೆಯಿಂದ ಸ್ವಲ್ಪ ಹೇಳಬಲ್ಲೆ.

ಉಳಿಸುವುದಕ್ಕೆ ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಬಳಸಿ. ಎಂಪಿ3 ಮಾಡುವಾಗ ಧ್ವನಿಯ ಒಂದಷ್ಟು ಭಾಗವನ್ನು ಕಿವಿಗೆ ಗೊತ್ತಾಗುವುದಿಲ್ಲ ಅಂತ ಎಸೆಯುತ್ತದೆ, ಎಸೆದದ್ದು ವಾಪಸ್ ಬರುವುದಿಲ್ಲ. ಫ್ಲ್ಯಾಕ್ ಏನನ್ನೂ ಎಸೆಯದೆ ಮಡಚಿಡುತ್ತದೆ. ಸಿಡಿಯ ಒಂದು ಗಂಟೆ ಹಾಡು ಫ್ಲ್ಯಾಕ್‌ನಲ್ಲಿ 300ರಿಂದ 400 ಎಂಬಿ ಆಗುತ್ತದೆ. ಅದೇ 128 ಕೆಬಿಪಿಎಸ್‌ನ ಎಂಪಿ3 ಆದರೆ 60 ಎಂಬಿ. ಒಂದು ಟಿಬಿ ಡಿಸ್ಕ್‌ನಲ್ಲಿ ಸುಮಾರು 3000 ಗಂಟೆ ಫ್ಲ್ಯಾಕ್ ಹಿಡಿಯುತ್ತದೆ. ದಿನಕ್ಕೆ ಎರಡು ಗಂಟೆ ಕೇಳಿದರೂ ನಾಲ್ಕು ವರ್ಷ ಬೇಕು. ಹಾಗಾಗಿ ಜಾಗ ಉಳಿಸಲು ಎಂಪಿ3 ಮಾಡುವ ಅಗತ್ಯ ಈಗ ಇಲ್ಲ. ಫೋನಿಗೆ ಬೇಕಾದರೆ ಎಂಪಿ3 ಪ್ರತಿ ಬೇರೆ ಮಾಡಿಕೊಳ್ಳಿ.

ಮನೆಯಲ್ಲಿ ಬರ್ನ್ ಮಾಡಿದ ಸಿಡಿಗಳು ಇದ್ದರೆ ಅವನ್ನು ಕ್ಯಾಸೆಟ್‌ಗಿಂತ ಮುಂಚೆ ಕಾಪಿ ಮಾಡಿ. ಕಂಪನಿಯ ಸಿಡಿ ಅಚ್ಚೊತ್ತಿದ್ದು, ಬಹಳ ಕಾಲ ಬರುತ್ತದೆ. ಬರ್ನ್ ಮಾಡಿದ್ದರಲ್ಲಿ ಬಣ್ಣದ ಪದರ ಇರುತ್ತದೆ, ನಮ್ಮ ಬಿಸಿಲು, ಸೆಕೆಗೆ ಅದು ಮಾಸುತ್ತದೆ. ಒಂದು ದಿನ ಸುಮ್ನೆ ಓದುವುದನ್ನೇ ನಿಲ್ಲಿಸುತ್ತದೆ.

ಡಿಸ್ಕ್ ಒಂದೇ ಇದ್ದರೆ ಇಲ್ಲದ ಹಾಗೆ. ಎರಡು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇರಲಿ. ನಮ್ಮಲ್ಲಿ ಕರೆಂಟ್ ಬಂದು ಹೋಗಿ ಮಾಡುವಾಗ ಡಿಸ್ಕ್ ಬರೆಯುತ್ತಿದ್ದರೆ ಫೈಲ್ ಹಾಳಾಗುತ್ತದೆ, ಅದಕ್ಕೆ ಒಂದು ಯುಪಿಎಸ್ ಇರಲಿ. ಮನೆಯ ಎಲ್ಲ ಫೋನ್, ಟಿವಿಗೆ ಹಾಡು ಬೇಕಾದರೆ ರಾಸ್ಪ್‌ಬೆರಿ ಪೈ ಅನ್ನುವ ಚಿಕ್ಕ ಕಂಪ್ಯೂಟರ್‌ನಲ್ಲಿ ನ್ಯಾವಿಡ್ರೋಮ್ ಅನ್ನುವ ಹಾಡಿನ ಪ್ರೋಗ್ರಾಂ ಹಾಕಿದರೆ ಸಾಕು. ನಿಮ್ಮದೇ ಆ್ಯಪ್ ಆಯಿತು, ಇಂಟರ್‌ನೆಟ್ ಇಲ್ಲದೆಯೂ ಹಾಡುತ್ತದೆ. ಯಾರಿಗೆ ಬೇಕೋ ಹೇಳಿ, ಹಾಕಿಕೊಡುತ್ತೇನೆ.


ಸ್ಟೇಷನ್ ರೋಡ್, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ಸ್ವಲ್ಪ ವಿರುದ್ಧ ಮಾತಾಡುತ್ತೇನೆ.

ಒಂದು ಕಾಲದಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ತುಂಬಿದ್ದೆ. ಗೆಳೆಯರ ಡಿಸ್ಕ್, ಮೊಬೈಲ್ ಅಂಗಡಿಯವರ ಮೆಮೊರಿ ಕಾರ್ಡ್, ಎಲ್ಲದರಿಂದ ಕಾಪಿ. ಒಂದೇ ಹಾಡು ಐದು ಕಡೆ, ಐದು ಹೆಸರಿನಲ್ಲಿ. ಏನು ಕೇಳಬೇಕು ಅಂತ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತಿತ್ತು. ಈಗ ನನ್ನ ನಿಯಮ ಬೇರೆ. ಕೂತು ಪೂರ್ತಿ ಕೇಳದ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಕೇಳಿ ಮನಸ್ಸಿಗೆ ಬಂದರೆ ಇರುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಈಗ ಉಳಿದಿರುವುದು ಮುಂಚಿನ ಕಾಲುಭಾಗವೂ ಇಲ್ಲ, ಆದರೆ ಪ್ರತಿಯೊಂದರ ಪರಿಚಯ ಇದೆ.

ನಮ್ಮ ಮನೆಯಲ್ಲಿ ಹೈದರಾಬಾದ್ ಕಡೆಯ ಗಾಳಿ. ತಾತನಿಗೆ ಉರ್ದು ಬರುತ್ತಿತ್ತು, ಗಜಲ್, ಕವ್ವಾಲಿ ಕೇಳುತ್ತಿದ್ದರು. ಅಮ್ಮ ತತ್ವಪದ. ನನಗೆ ಇವೆರಡೂ ಒಂದೇ ಕಡೆ ಕರೆದುಕೊಂಡು ಹೋಗುತ್ತವೆ. ಮುದಗಲ್ ಮೊಹರಂನಲ್ಲಿ ರಿವಾಯತ್ ಪದ ಕೇಳಿದವರಿಗೆ ನಾನು ಹೇಳುವುದು ಅರ್ಥ ಆಗುತ್ತದೆ. ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದಲ್ಲಿ, ನಮ್ಮ ಹಳ್ಳಿಯ ಧಾಟಿಯಲ್ಲಿ, ಹಿಂದೂ ಮುಸ್ಲಿಂ ಇಬ್ಬರೂ ಕೂತು ಹಾಡುತ್ತಾರೆ. ನನ್ನ ಡಿಸ್ಕ್‌ನಲ್ಲಿ ಒಂದೇ ಒಂದು ಫೋಲ್ಡರ್ ಉಳಿಸಿಕೊಳ್ಳಬಹುದು ಅಂದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.


ಮಾನ್ವಿ ಮೇಷ್ಟ್ರು

ರಿವಾಯತ್ ಬಗ್ಗೆ ಪೂರ್ತಿ ಒಪ್ಪುತ್ತೇನೆ. ಅಳಿಸುವ ವಿಷಯಕ್ಕೆ ಒಪ್ಪುವುದಿಲ್ಲ.

ಮೂವತ್ತನೇ ವಯಸ್ಸಿನಲ್ಲಿ ನನಗೆ ಕುಮಾರ ಗಂಧರ್ವರು ಹಿಡಿಸುತ್ತಿರಲಿಲ್ಲ. ತುಂಡು ತುಂಡಾಗಿ ಹಾಡುತ್ತಾರೆ ಅನ್ನಿಸುತ್ತಿತ್ತು. ಐವತ್ತು ದಾಟಿದ ಮೇಲೆ ಒಂದು ಸಂಜೆ ಅದೇ ಕ್ಯಾಸೆಟ್ ಹಾಕಿದೆ. ಆ ತುಂಡುಗಳ ನಡುವಿನ ಮೌನದಲ್ಲೇ ಹಾಡು ಇದೆ ಅಂತ ಆಗ ತಿಳಿಯಿತು. ಕ್ಯಾಸೆಟ್ ಮನೆಯಲ್ಲಿ ಇದ್ದದ್ದರಿಂದ ತಿಳಿಯಿತು. ಇವತ್ತಿನ ರುಚಿಗೆ ನಾಳೆಯ ಕಿವಿಯ ಮೇಲೆ ಅಷ್ಟು ಅಧಿಕಾರ ಕೊಡಬೇಡಿ ರೀ. ಮನೆಯಲ್ಲಿ ಮಕ್ಕಳೂ ಇರುತ್ತಾರೆ, ಅವರ ಕಿವಿ ನಮ್ಮದಲ್ಲ.


ಸ್ಟೇಷನ್ ರೋಡ್, ರಾಯಚೂರು

ಮೇಷ್ಟ್ರೇ, ಒಂದೇ ಇರುವುದನ್ನು ನಾನು ಅಳಿಸುವುದಿಲ್ಲ. ಎಲ್ಲ ಕಡೆ ಸಿಗುವ ಸಿನಿಮಾ ಹಾಡಿನ ಐದನೇ ಪ್ರತಿಯನ್ನು ಅಳಿಸುತ್ತೇನೆ. ಬೇಕೆಂದಾಗ ಸಿಗುವುದಕ್ಕೂ ಹೋದರೆ ಸಿಗದೇ ಇರುವುದಕ್ಕೂ ಒಂದೇ ನಿಯಮ ಹಾಕಲಾಗುವುದಿಲ್ಲ ಅಲ್ವಾ.


ಮಾನ್ವಿ ಮೇಷ್ಟ್ರು

ಹಾಗಾದರೆ ನಮ್ಮಿಬ್ಬರದೂ ಒಂದೇ ಮಾತು.


ಸಂಡೂರು ಕಣಿವೆ

ತಡವಾಗಿ ಬಂದೆ. ದರೋಜಿ ಈರಮ್ಮನವರ ಹೆಸರು ಇನ್ನೂ ಯಾರೂ ಹೇಳಿಲ್ಲವಲ್ಲ!

ನಮ್ಮ ಸಂಡೂರು ತಾಲ್ಲೂಕಿನ ದರೋಜಿಯವರು. ಬುರ್ರಕಥೆ, ಅಂದರೆ ಹಾಡಿ ಹೇಳುವ ಕಥೆ, ಹೇಳುತ್ತಿದ್ದರು, ಓದು ಬರಹ ಇಲ್ಲ, ಎಲ್ಲವೂ ನೆನಪಿನಲ್ಲಿ. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಕಥೆ ಕೇಳಿದವರಿಗೆ ಗೊತ್ತು, ಅದು ರಾತ್ರಿಯೆಲ್ಲ ನಡೆಯುವಂಥದ್ದು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ ಅರ್ಧ ಗಂಟೆ. ಕುಮಾರರಾಮ ಕುದುರೆ ಏರುವಷ್ಟರಲ್ಲಿ ಟಕ್ ಅಂತ ಬಟನ್ ಮೇಲೆ ಬರುತ್ತದೆ, ತಿರುಗಿಸಿ ಹಾಕುವಷ್ಟರಲ್ಲಿ ಎರಡು ಸಾಲು ಹೋಗಿರುತ್ತದೆ. ಈಗಿನ ಫೋನಿನಲ್ಲಿ ಇಡೀ ರಾತ್ರಿ ನಿಲ್ಲಿಸದೆ ರೆಕಾರ್ಡ್ ಮಾಡಬಹುದು. ಈ ಅನುಕೂಲ ಇರುವಾಗ ಈಗ ಹಾಡುತ್ತಿರುವವರನ್ನು ನಾವು ಬಿಟ್ಟುಬಿಡಬಾರದು. ಹುಲಿಗಿಯಲ್ಲಿ ಚೌಡಿಕೆ ಹಿಡಿದು ಹಾಡುವ ಜೋಗತಿಯರು, ಬಯಲಾಟದ ಮೇಳದವರು, ಊರೂರಿನ ಭಜನೆಯವರು, ಗದುಗಿನ ಪುಣ್ಯಾಶ್ರಮದಲ್ಲಿ ಕಲಿತು ಬಂದು ನಮ್ಮ ತಾಲ್ಲೂಕುಗಳಲ್ಲಿ ಹಾರ್ಮೋನಿಯಂ ಹೇಳಿಕೊಡುವ ಗವಾಯಿಗಳು. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ನಮ್ಮೂರಿನ ಜಾತ್ರೆಗೆ ಬರುವ ಜೋಗತಿಯ ಹಾಡು ನಮ್ಮ ಫೋನಿನಲ್ಲಿ ಇದೆಯಾ?

ರೆಕಾರ್ಡ್ ಮಾಡುವ ಮುಂಚೆ ಅವರನ್ನು ಕೇಳಬೇಕು. ಯಾರಿಗೆ ಕೊಡುತ್ತೇವೆ, ಎಲ್ಲಿ ಹಾಕುತ್ತೇವೆ ಅಂತ ಹೇಳಬೇಕು. ಹಾಡೇ ಅವರ ಅನ್ನ, ಅದಕ್ಕೆ ಏನಾದರೂ ಕೊಡಬೇಕು. ಇಷ್ಟು ಮಾಡಿದವರಿಗೆ ಮಾತ್ರ ಅದನ್ನು ಇಟ್ಟುಕೊಳ್ಳುವ ಹಕ್ಕು ಅಂತ ನನ್ನ ಅಭಿಪ್ರಾಯ.


ಕೋಟೆ ಕೆಳಗೆ, ಬಳ್ಳಾರಿ

ಕಣಿವೆಯವರೇ, ಈರಮ್ಮನವರ ಹೆಸರು ತಂದದ್ದಕ್ಕೆ ಕೈ ಮುಗಿಯುತ್ತೇನೆ. ಜೊತೆಗೆ ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರರನ್ನೂ ಸೇರಿಸಿ. ಮೈಕ್ ಇಲ್ಲದೆ ಕೊನೆಯ ಸಾಲಿನವರಿಗೂ ಮುಟ್ಟುವ ರಂಗಗೀತೆ ಹೇಗಿರುತ್ತದೆ ಅನ್ನುವುದನ್ನು ಅವರಲ್ಲಿ ಕೇಳಬೇಕು. 2020ರಲ್ಲಿ ಅವರೂ ಹೋದರು.

ಹಂಚಿಕೊಳ್ಳುವ ವಿಷಯ ಬಂತು, ಅದಕ್ಕೆ ಒಂದು ಮಾತು. ನಮ್ಮ ದೇಶದ ಕಾನೂನಿನಲ್ಲಿ ಪ್ರಕಟವಾದ ರೆಕಾರ್ಡಿಂಗ್‌ಗೆ 60 ವರ್ಷ ಹಕ್ಕು ಇರುತ್ತದೆ, ಪ್ರಕಟವಾದ ಮುಂದಿನ ವರ್ಷದಿಂದ ಎಣಿಕೆ. ಬರೆದವರ, ರಾಗ ಹಾಕಿದವರ ಹಕ್ಕು ಬೇರೆ, ಅದು ಅವರು ತೀರಿದ ಮೇಲೆ 60 ವರ್ಷ. ಹಾಗಾಗಿ ದಾಸರ ಪದದ ತೀರಾ ಹಳೆಯ 78ರ ರೆಕಾರ್ಡು ಊರಿಗೆಲ್ಲ ಹಂಚಬಹುದು. 80ರ ದಶಕದ ಭಾವಗೀತೆ ಕ್ಯಾಸೆಟ್ ಹಾಗೆ ಹಂಚಬೇಡಿ, ಸಿಕ್ಕರೆ ದುಡ್ಡು ಕೊಟ್ಟು ಕೊಳ್ಳಿ. ಅಶ್ವತ್ಥ್, ಅನಂತಸ್ವಾಮಿ ಅವರ ಹಾಡು ನಮಗೆ ಬಂದದ್ದು ಯಾರೋ ದುಡ್ಡು ಕೊಟ್ಟು ಕೊಂಡದ್ದರಿಂದಲೇ.


ಗಂಗಾವತಿ ಅಕ್ಕ

ಹೆಸರು ಹಾಕುವುದು ಹೇಗೆ ಅಂತ ಯಾರಾದರೂ ಹೇಳಿ. ನಾಳೆ ನನ್ನ ಮಗಳು ಹುಡುಕಿದರೆ ಸಿಗಬೇಕು.


ಕುಷ್ಟಗಿ ಹುಡುಗ

ಅಕ್ಕಾ, ನಾನು ಹೇಳುತ್ತೇನೆ. ಪ್ರೋಗ್ರಾಂಗಳು ಹಾಡಿಗೆ ಗಾಯಕ, ಆಲ್ಬಂ, ವರ್ಷ ಅಂತ ಕೇಳುತ್ತವೆ. ನಿಮ್ಮ ಪದಗಳಿಗೆ ಆಲ್ಬಂ ಎಲ್ಲಿಂದ ಬರಬೇಕು? ಅದಕ್ಕೆ ಆಲ್ಬಂ ಜಾಗದಲ್ಲಿ ಊರು ಮತ್ತು ಸಂದರ್ಭ ಹಾಕಿ, ಇಂಥವರ ಮದುವೆ ಅಂತ. ಗಾಯಕರ ಜಾಗದಲ್ಲಿ ಹಾಡಿದ ಎಲ್ಲರ ಹೆಸರು. ವರ್ಷ ಗೊತ್ತಿಲ್ಲದಿದ್ದರೆ ಆ ಮದುವೆಯಾದವರನ್ನೇ ಕೇಳಿದರೆ ಸಿಗುತ್ತದೆ. ಎಲ್ಲ ಕನ್ನಡದಲ್ಲೇ ಬರೆಯಿರಿ, ಕಾಗುಣಿತ ಒಂದೇ ತರಹ ಇರಲಿ. ಒಂದು ಕಡೆ ಅಶ್ವಥ್, ಇನ್ನೊಂದು ಕಡೆ ಅಶ್ವತ್ಥ್ ಬರೆದರೆ ಕಂಪ್ಯೂಟರ್‌ಗೆ ಇಬ್ಬರು ಮನುಷ್ಯರು. ಪ್ರತಿ ಫೋಲ್ಡರ್‌ನಲ್ಲೂ ಒಂದು ಸಣ್ಣ ಬರಹದ ಫೈಲ್ ಇಟ್ಟು, ಯಾರು ರೆಕಾರ್ಡ್ ಮಾಡಿದರು, ಯಾವ ಮಷೀನು, ಯಾರು ಯಾರಿಗೆ ಏನಾಗಬೇಕು, ಎಲ್ಲ ಬರೆದಿಡಿ. ಎಂಪಿ3ಟ್ಯಾಗ್ ಅಂತ ಒಂದು ಪುಕ್ಕಟೆ ಪ್ರೋಗ್ರಾಂ ಇದೆ, ಫ್ಲ್ಯಾಕ್‌ಗೂ ಆಗುತ್ತದೆ, ಅದರಲ್ಲಿ ನೂರು ಫೈಲ್‌ಗೆ ಒಟ್ಟಿಗೇ ಬರೆಯಬಹುದು.


ಮಾನ್ವಿ ಮೇಷ್ಟ್ರು

ಒಬ್ಬರಿಗೇ ಎರಡು ಹೆಸರು ಇರುವುದನ್ನೂ ನೆನಪಿಡಿ. ಗಂಗೂಬಾಯಿಯವರ ಶುರುವಿನ ರೆಕಾರ್ಡ್‌ಗಳ ಮೇಲೆ ಗಾಂಧಾರಿ ಅಂತ ಇತ್ತು. ಕುಮಾರ ಗಂಧರ್ವರ ಮನೆಯ ಹೆಸರು ಶಿವಪುತ್ರ ಕೊಂಕಾಳಿಮಠ. ನಿಮ್ಮ ಅತ್ತೆಯವರಿಗೂ ತವರಿನಲ್ಲಿ ಒಂದು, ಇಲ್ಲಿ ಒಂದು ಹೆಸರು ಇರಬಹುದು. ಎರಡನ್ನೂ ಬರೆಯಿರಿ.


ಗಂಗಾವತಿ ಅಕ್ಕ

ಇದೆ ಮೇಷ್ಟ್ರೇ! ತವರಿನಲ್ಲಿ ಬೇರೆ ಹೆಸರೇ ಇತ್ತು. ಬರೆಯುತ್ತೇನೆ.


ಸ್ಟೇಷನ್ ರೋಡ್, ರಾಯಚೂರು

ಕುಷ್ಟಗಿ ತಮ್ಮಾ, ನೀನು ಮೊದಲು ಹೇಳಿದ ಜಾನಪದ ಡಿಜೆ ಹಾಡುಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಅವನ್ನು ನೀನು ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದೀಯಾ?


ಕುಷ್ಟಗಿ ಹುಡುಗ

ಇಲ್ಲ ಅಣ್ಣ. ಬೇಕಾದಾಗ ಯೂಟ್ಯೂಬ್‌ನಲ್ಲಿ ಕೇಳುತ್ತೇನೆ. ಯಾಕೆ?


ಸ್ಟೇಷನ್ ರೋಡ್, ರಾಯಚೂರು

ಯಾಕೆಂದರೆ ಮೊದಲು ಕಳೆದುಹೋಗುವುದು ಅವೇ. ಭೀಮಸೇನರನ್ನು ಕಾಯಲು ಕಂಪನಿಗಳಿವೆ, ಆಕಾಶವಾಣಿ ಇದೆ. ಊರಿನ ಹುಡುಗ ಬರೆದು, ಇನ್ನೊಬ್ಬ ಹುಡುಗ ಒಂದು ರೂಮಿನಲ್ಲಿ ಕೀಬೋರ್ಡ್ ಬಾರಿಸಿ, ಜಾತ್ರೆಗೆ ಮೂರು ದಿನ ಮುಂಚೆ ಚಾನೆಲ್‌ಗೆ ಹಾಕಿದ ಹಾಡನ್ನು ಕಾಯುವವರು ಯಾರು? ಅವನ ಹೆಸರೂ ಎಷ್ಟೋ ಸಲ ಇರುವುದಿಲ್ಲ. ಟ್ರ್ಯಾಕ್ಟರ್ ಮೇಲೆ ಇಡೀ ಜಿಲ್ಲೆ ಎರಡು ವರ್ಷ ಅದನ್ನು ಹಾಡುತ್ತದೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಕೆಲವು ಹಾಡು ನನಗೆ ಹಿಡಿಸುವುದಿಲ್ಲ, ಹೆಣ್ಣುಮಕ್ಕಳ ಬಗ್ಗೆ ಹಗುರ ಮಾತು ಇರುತ್ತದೆ, ಅದನ್ನು ಹೇಳಿಯೇ ತೀರಬೇಕು. ಆದರೆ ಗೀಗೀ ಪದದ ಧಾಟಿ, ಭಜನೆಯ ಏರಿಳಿತ ಅವುಗಳಲ್ಲಿ ಬಂದು ಕೂತಿದೆ. ಭತ್ತದ ನಾಟಿ, ಬೆಂಗಳೂರಿಗೆ ದುಡಿಯಲು ಹೋದವನ ಮಾತು, ಬಸ್‌ಸ್ಟ್ಯಾಂಡು, ಎಲ್ಲ ಇದೆ.

ನಮ್ಮ ಕಾಲದ ಪೆಟ್ಟಿಗೆ ನಾವು ಕೂಡಿಸಿದೆವು. ಇದು ನಿನ್ನ ಪೆಟ್ಟಿಗೆ.


ಕೋಟೆ ಕೆಳಗೆ, ಬಳ್ಳಾರಿ

ಶುರುವಿನಲ್ಲಿ ನಾನು ಎರಡು ಪೆಟ್ಟಿಗೆ ಅಂತ ಬರೆದಿದ್ದೆ, ಬಳ್ಳಾರಿಯದು ಒಂದು, ಕೊಪ್ಪಳದ್ದು ಒಂದು. ಸ್ಟೇಷನ್ ರೋಡ್‌ನವರು ಹೇಳಿದ ಈ ಮೂರನೆಯದನ್ನು ನಾನು ಸೇರಿಸಿಕೊಳ್ಳುತ್ತೇನೆ. ಡಿಜೆ ಸದ್ದು ನನ್ನ ಎದೆಗೆ ತಡೆಯುವುದಿಲ್ಲ, ಆದರೂ ಇಡಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ.

ತಮ್ಮಾ, ಆ ಹುಡುಗರನ್ನೇ ಸಂಪರ್ಕಿಸಿ ಅವರ ಹತ್ತಿರ ಇರುವ ಮೂಲ ಫೈಲ್ ಕೇಳು. ಚಾನೆಲ್‌ನಲ್ಲಿ ಇರುವುದು ಹಿಂಡಿದ ಪ್ರತಿ. ಬರೆದವರು, ಹಾಡಿದವರು, ಬಾರಿಸಿದವರು, ರೆಕಾರ್ಡ್ ಮಾಡಿದ ರೂಮು ಯಾವ ಊರಿನದು, ಎಲ್ಲ ಬರೆದುಕೊ.


ಕುಷ್ಟಗಿ ಹುಡುಗ

ಅವರಲ್ಲಿ ಇಬ್ಬರು ನನ್ನ ಜೊತೆ ಓದಿದವರು ಅಣ್ಣ. ಇವತ್ತೇ ಫೋನ್ ಮಾಡಿದೆ. ಒಬ್ಬ ತನ್ನ ಹಳೆಯ ಹಾಡುಗಳು ಒಂದು ಲ್ಯಾಪ್‌ಟಾಪ್‌ನಲ್ಲಿ ಇದ್ದವು, ಅದು ಆನ್ ಆಗುತ್ತಿಲ್ಲ ಅಂದ. ಅದರ ಡಿಸ್ಕ್ ಬಿಚ್ಚಿ ನೋಡುತ್ತೇನೆ ಅಂತ ಹೇಳಿದ್ದೇನೆ. ಬಹುಶಃ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ.

ಸಿಂಧನೂರು ಅಣ್ಣ, ಭಾನುವಾರ ನಾನೂ ಬರಲಾ? ಖಾಲಿ ಡಿಸ್ಕ್ ಎರಡು ತರುತ್ತೇನೆ. ಅಕ್ಕನ ಪದಗಳ ಒಂದು ಪ್ರತಿ ಅವರ ಮನೆಗೆ, ಒಂದು ನಿಮ್ಮಲ್ಲಿ ಇರಲಿ. ಮೂರನೆಯದು ಕುಷ್ಟಗಿಯಲ್ಲಿ ನಾನು ಇಟ್ಟುಕೊಳ್ಳುತ್ತೇನೆ, ಅಕ್ಕ ಒಪ್ಪಿದರೆ.


ಗಂಗಾವತಿ ಅಕ್ಕ

ಒಪ್ಪಿಗೆ ಇದೆ ತಮ್ಮಾ. ಹಾಡುವವರನ್ನೂ ಕೇಳಿದೆ. ನನ್ನ ಹಾಡು ಮೂರು ಊರಿನಲ್ಲಿ ಇರಬೇಕಾ ಅಂತ ನಕ್ಕು, ಬರುತ್ತೇನೆ ಅಂದರು. ಬಸ್ಸಿನಲ್ಲಿ ಕೂರುವುದು ಅವರಿಗೆ ಕಷ್ಟ, ಕಾರು ನೋಡುತ್ತಿದ್ದೇವೆ. ಬೂಷ್ಟು ಬಂದ ಕ್ಯಾಸೆಟ್ ಬೇರೆ ಕವರ್‌ನಲ್ಲಿ ಹಾಕಿದ್ದೇನೆ, ಅದನ್ನೂ ತರಲಾ?


ಸಿಂಧನೂರು ಡೆಕ್

ತನ್ನಿ. ಅದಕ್ಕೆ ಹಳೆಯ ಡೆಕ್ ಒಂದನ್ನು ಬೇರೆ ಇಟ್ಟಿದ್ದೇನೆ. ಊಟ ನಮ್ಮಲ್ಲೇ, ಎಷ್ಟು ಜನ ಅಂತ ಶನಿವಾರ ಸಂಜೆಯೊಳಗೆ ತಿಳಿಸಿ.